ಗುಂಡಿ ಡಬ್ಬಿ

ಬೇಲು ಒಡೆದರೆ ಸಾಕು, ಬಾಷಾ ನಗರದ ನಮ್ಮ ತಗಡಿನ ಶೆಡ್ಡಿಗೆ
ಯಾವುದೋ ಊರಿನ ಬೀರುವಿನ ವಾಸನೆ,
ನುಸಿಗುಳಿಗೆ, ಹಳೇ ಅತ್ತರು, ಯಾರದೋ ಕಂಕುಳು.
ಬುಡೇನ್ ಅಂದರೆ ನಾನೇ. ಒರೆಸೋ ಬಟ್ಟೆ ಮಾರ್ತೀನಿ.
ನಗಬೇಡಿ. ದಾವಣಗೆರೆಯಲ್ಲಿ
ಒರೆಸದೆ ನಡೆಯೋ ಧಂದೆ ಒಂದಿದ್ರೆ ತೋರಿಸಿ.

ಪಿ.ಬಿ. ರೋಡಿನ ಲಾರಿ ಗ್ಯಾರೇಜಿಗೆ ಬನಿಯನ್ ಬೇಕು,
ಒಗೆದು ಒಗೆದು ಹತ್ತಿ ಸೋತದ್ದು.
ಹೊಸ ಬಟ್ಟೆ ಎಣ್ಣೆ ಕುಡಿಯಲ್ಲ, ಬರೀ ಸವರುತ್ತೆ.
ಬೆಣ್ಣೆ ದೋಸೆ ಹೋಟ್ಲಿಗೆ ಕೋರಾ ಬಟ್ಟೆ,
ಟೆರಿಲಿನ್ ಒಂದೆಳೆ ಸೇರಿದ್ರೂ ಹಂಚಿನ ಮೇಲೆ ಕರಗಿ
ದೋಸೆಗೆ ಪ್ಲಾಸ್ಟಿಕ್ ನಾತ.
ಹಲ್ಲಿನ ಆಸ್ಪತ್ರೆಗೆ ಮೈಕ್ರೋಫೈಬರ್, ಮೂರು ಬಣ್ಣ:
ಕುರ್ಚಿಗೆ ನೀಲಿ, ನೆಲಕ್ಕೆ ಹಳದಿ, ಕಕ್ಕಸಿಗೆ ಕೆಂಪು.
ಆಯಾ ಒಬ್ಬಾಕೆ ಕೆಂಪೇ ಚೆಂದ ಅಂತ
ದೇವರ ಫೋಟೋಕ್ಕೂ ಅದನ್ನೇ ಹಿಡಿದಳಂತೆ.
ಅವತ್ತಿಂದ ಆರ್ಡರಿನ ಜೊತೆ ನಾನೇ ಹೋಗಿ
ಬಣ್ಣದ ಪಾಠ ಮಾಡ್ತೀನಿ. ಅದಕ್ಕೆ ಬಿಲ್ಲಿಲ್ಲ.

ಆರಿಸೋದು ಕೊಟ್ರವ್ವ.
ಕಣ್ಣಿಗೆ ಪೊರೆ ಬಂದು ಎರಡು ವರ್ಷ,
ಬಟ್ಟೆಯ ಅಂಚನ್ನ ಕಿವಿ ಹತ್ರ ಹಿಡಿದು ಹರೀತಾಳೆ.
ಹತ್ತಿಯಾದರೆ ಪರ್ ಅಂತ ಧೂಳೆಬ್ಬಿಸಿ ಹೋಗುತ್ತೆ,
ಪಾಲಿಯೆಸ್ಟರು ಕಿರುಚುತ್ತೆ,
ಎರಡೂ ಬೆರೆತದ್ದು ಮೊದಲು ಒಪ್ಪಿ ಆಮೇಲೆ ತಡವರಿಸುತ್ತೆ.
"ಬೀಗರ ಹಂಗೆ" ಅಂತಾಳೆ.
ಅನುಮಾನ ಬಂದರೆ ಒಂದೆಳೆ ಕಿತ್ತು ಬೀಡಿ ಕಿಡಿಗೆ ಹಿಡೀತಾಳೆ:
ಬೂದಿಯಾದರೆ ಕಿಲೋಗೆ ಅರವತ್ತೆರಡು,
ಮಣಿ ಕಟ್ಟಿದರೆ ಮೂವತ್ತೂ ಇಲ್ಲ.

ಹೋದ ಗುರುವಾರ ಅಶೋಕ ರೋಡಿನ ಪ್ರೆಸ್ಸಿನಿಂದ ಫೋನು.
ಪಾಲಾಕ್ಷಪ್ಪ ಬೈಯಲಿಲ್ಲ. ಅದೇ ಭಯ.
ಮಿಷಿನ್ನಿನ ರಬ್ಬರ್ ಹಾಸಿನ ಮೇಲೆ ಉಗುರುದ್ದ ಗೀರು.
ಎಂಟುನೂರು ಲಗ್ನಪತ್ರಿಕೆ, ಎಂಟುನೂರರಲ್ಲೂ
ಮದುಮಗನ ಹೆಸರಿನ ನಡುವೆ ಬಿಳಿ ಗೆರೆ.
ನನ್ನ ಅಂಗೈಗೆ ಅವರು ಇಟ್ಟದ್ದು ಒಂದು ಅಂಗಿ ಗುಂಡಿ,
ನಾಲ್ಕು ತೂತು, ಅಂಚು ಮುರಿದದ್ದು,
ಮೈಯೆಲ್ಲ ಕುಂಕುಮ ಬಣ್ಣದ ಇಂಕು.
"ಸಾಬ್ರೇ, ಹದಿನಾಲ್ಕು ವರ್ಷ ನಿಮ್ಮ ಹತ್ರಾನೇ ತಗೊಂಡೆ.
ಇನ್ನು ವೈಪ್ಸ್ ತರಿಸ್ತೀನಿ, ರೋಲು.
ಹರಿ, ಒರೆಸು, ಬಿಸಾಕು.
ಅದಕ್ಕೆ ಗುಂಡಿ ಇರಲ್ಲ ನೋಡ್ರಿ."

ಮೊಪೆಡ್ಡಿನ ಮೇಲೆ ದಾರಿಯುದ್ದಕ್ಕೂ
ಬೈಗುಳ ಜೋಡಿಸಿಕೊಂಡೇ ಬಂದೆ.
ಕೊಟ್ರವ್ವ ಗುಂಡಿಯನ್ನ ಬೆರಳಲ್ಲಿ ತಿರುಗಿಸಿ ನೋಡಿದಳು,
ಎದ್ದು ಹೋಗಿ ಬೇಲಿನ ಹಿಂದಿನಿಂದ
ಬಿಸ್ಕೀಟಿನ ತಗಡಿನ ಡಬ್ಬಿ ತಂದು
ಚಾಪೆ ಮೇಲೆ ಸುರಿದಳು.
ಹನ್ನೊಂದು ವರ್ಷದ್ದು.
ಅಂಗಿಯವು, ರವಿಕೆ ಹುಕ್ಕು, ಇಸ್ಕೂಲಿನ ನೀಲಿ,
ಪೊಲೀಸಿನ ಹಿತ್ತಾಳೆ ಒಂದು,
ಕೂಸಿನ ಸ್ವೆಟರಿಂದ ಬಿಡಿಸಿದ ಆನೆಮರಿ.
"ಇಷ್ಟು ಹಿಡಿದೆ" ಅಂದಳು.
"ಅದೊಂದು ತಪ್ಪಿಸ್ಕಂತು."

ಸಿಟ್ಟಿಗೇ ಎಣಿಸೋಕೆ ಕೂತೆ.
ಸಾವಿರದ ಮುನ್ನೂರು ದಾಟಿದ ಮೇಲೆ ಎಲ್ಲೋ ಲೆಕ್ಕ ತಪ್ಪಿತು,
ಯಾಕೆ ಎಣಿಸ್ತಿದೀನಿ ಅನ್ನೋದೂ.
ಮಗ್ರಿಬಿನ ಬಾಂಗ್ ಆಯ್ತು.
ಅವಳು ಇಂಕಿನದನ್ನ ಸೀಮೆಎಣ್ಣೆಯಲ್ಲಿ ಅದ್ದಿ
ನಾವು ಮಾರೋ ಬನಿಯನ್ನಿನಲ್ಲೇ ತಿಕ್ಕಿ ತಿಕ್ಕಿ ಒರೆಸಿದಳು.
ಮೈ ಮೇಲಿನ ಕೆಂಪು ಹೋಯ್ತು. ತೂತುಗಳಲ್ಲಿ ಉಳೀತು.
ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

ಸೋಮವಾರ ಅವಳನ್ನ ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋಗಬೇಕು.
ಅದರ ಬಾಗಿಲಲ್ಲೇ ಒಂದು ಕನ್ನಡಕದ ಅಂಗಡಿ ಐತೆ,
ಗಾಜೊರೆಸೋ ಬಟ್ಟೆ ಯಾರ ಹತ್ರ ತಗೋತಾನೋ
ಅದನ್ನೂ ಕೇಳಿದರಾಯ್ತು.