ಒಗರು

ಬರ್ರಿ, ತಲಿ ಬಗ್ಗಿಸಿ ಇಳೀರಿ, ಟೆಂಪೋದ ಬಾಗಲಾ ಗಿಡ್ಡ.
ಪುಣೇದವರು ಹನ್ನೊಂದು ಮಂದಿ, ನಾನು ಮಲಕಾರಿ.
ಕೊರಳಾಗ ಬಿಲ್ಲಿ, ಬೆನ್ನಾಗ ನೀರಿನ ಬಾಟಲಿಯ ಚೀಲ,
ನಾಲಿಗಿ ಮ್ಯಾಲ ಮೂರು ಭಾಷಾ,
ಪಗಾರ ಎರಡಕ್ಕಷ್ಟ.

ಮೊದಲು ನಳದುರ್ಗ.
ಬೋರಿ ಹೊಳಿಗೆ ಅಡ್ಡ ಕಟ್ಟಿದ ಕಲ್ಲಿನ ಒಡ್ಡು,
ಒಡ್ಡಿನ ಹೊಟ್ಟ್ಯಾಗ ಸುಲ್ತಾನರ ತಂಪು ಮಹಲು.
ಮಳಿಗಾಲದಾಗ ಎರಡು ಧಾರಿ ಬೀಳತಾವ್ರಿ,
ಗಂಡೊಂದು, ಹೆಣ್ಣೊಂದು.
ಈಗ ಫೆಬ್ರುವರಿ. ಎರಡೂ ಇಲ್ಲ.
ಫೋನಿನಾಗಿನ ವಿಡಿಯೋ ತೋರಸತೀನಿ.
ಒಣಗಿದ ಗ್ವಾಡಿಗೆ ಬೆನ್ನು ಹಚ್ಚಿ ಹನ್ನೊಂದು ಮಂದಿ
ನನ್ನ ಅಂಗೈಯಾಗಿನ ನೀರು ನೋಡತಾರ.
ಒಬ್ಬ ಹುಡುಗಿ ಅದಕ್ಕ ಕಿವಿ ಹಚ್ಚತಾಳ.

ಆಮ್ಯಾಲ ಅಕ್ಕಲಕೋಟಿ ದಾಟಿ
ಪಾಟಿ ಮರಾಠಿ, ಬೈಗುಳ ಕನ್ನಡ ಇರೂ ಒಂದು ಹಳ್ಳಿ.
ಅಲ್ಲಿ ದ್ರಾಕ್ಷಿ ತೋಟ, ತೋಟದಾಗ ಗಾಜಿನ ಮನಿ,
ಗಾಜಿನ ಮನಿ ಹಿಂದ ತಗಡಿನ ಚಪ್ಪರ,
ಚಪ್ಪರದಾಗ ಭೌರವ್ವ.

ರೊಟ್ಟಿ ಬಡಿಯೂ ಸಪ್ಪಳಕ್ಕ ಎಲ್ಲಾರೂ ಫೋನು ಎತ್ತತಾರ.
"ಮಾರಿ ಹಿಡೀಬ್ಯಾಡ್ರಿ, ಕೈ ಬೇಕಾದ್ರ ಹಿಡೀರಿ" ಅಂತಾಳ.
ನಿಮ್ಮನ್ನ ನೋಡಿ ಖುಷಿ ಆತಂತ್ರಿ, ಅಂತ ನಾನು.
ಗುರೆಳ್ಳು ಹಿಂಡಿ, ಎಣ್ಣೆಗಾಯಿ, ಪುಂಡಿಪಲ್ಯ,
ಕಡಕ ರೊಟ್ಟಿ ಮುರದರ ಹಂಚು ಒಡದಂಗ.
"ಹಲ್ಲು ಬಾಡಿಗಿ ತಂದಾರೇನೋ ಇವರು, ಮಲಕಾರಿ?"
ಸಾವಕಾಶ ಊಟ ಮಾಡ್ರಿ ಅಂತಾಳ್ರಿ.
ಆರು ವರ್ಷ ಹಿಂಗ
ಆಕಿ ಖಾರ ನಾನು ಬೆಲ್ಲ ಮಾಡಿ ಬಡಿಸೇನಿ.

ಹ್ವಾದ ಆಯಿತಾರ ಮಾತ್ರ—

ಕೇತಕಿ ಬಾಯಿ, ನಾಶಿಕದಾಕಿ, ಗ್ಲಾಸು ತಿರುವಿ
ಮೂಗು ಒಳಗಿಟ್ಟು ಹೇಳಾಕ ಹತ್ತಿದಳು:
ಇದರಾಗ ಚರ್ಮ ಐತಿ, ತಂಬಾಕ ಐತಿ, ಪ್ಲಮ್ ಐತಿ.
ಚರ್ಮ ಅಂದ್ರ ನನಗ ಕಾಕಾನ ಮೆಟ್ಟು,
ತಂಬಾಕ ಅಂದ್ರ ಅವನ ಕೆಮ್ಮು.
ಪ್ಲಮ್ ಅಂದ್ರ ಏನೂ ಇಲ್ಲ.
ಕಡೀಕ ನಾಲಿಗಿ ಹಿಡಕೊಂಡು ಜಗ್ಗತೈತಲ್ಲ,
ಅದು ಟ್ಯಾನಿನ್.

"ನಿಮ್ಮ ಭಾಷಾದಾಗ ಏನಂತಾರ?" ಕೇಳಿದಳು ಆ ಹುಡುಗಿ,
ನೀರಿಗೆ ಕಿವಿ ಹಚ್ಚಿದಾಕಿ.
ನಾನು ಬಾಯಿ ತೆರದೆ.
ಹುಡುಕಿದೆ. ಮುಚ್ಚಿದೆ.

ಎಂಜಲ ತಾಟು ಎತ್ತಾಕ ಬಂದಿದ್ದಳು ಭೌರವ್ವ.
ಹನ್ನೆರಡು ವರ್ಷ ಈ ಬಳ್ಳಿ ಸಂಗಾಟ:
ಛಾಟಣಿ, ಕಾಳು ಬಿಡಿಸೂದು,
ಗೊನಿ ಔಷಧದಾಗ ಅದ್ದಿ ಅದ್ದಿ ಉಗುರು ಹಳದಿ.
ಕ್ರೇಟು ಗೇಟು ದಾಟಿದ ಮ್ಯಾಲ
ಏನಾಕೈತಿ ಅಂತ ನೋಡಿದಾಕಿ ಅಲ್ಲ.

ಹುಡುಗಿ ತನ್ನ ಗ್ಲಾಸು ಕೊಟ್ಟಳು.
ಭೌರವ್ವ ಹಿಂದ ತಿರುಗಿ ನೋಡಿದಳು, ಯಾರಿಗೋ ಅಂತ.
ಸೆರಗ ಅಡ್ಡ ಹಿಡದು, ಬಟ್ಟು ಅದ್ದಿ, ನೆಕ್ಕಿ,
ಕಣ್ಣು ಸಣ್ಣ ಮಾಡಿ:
"ಒಗರ.
ಹುಣಸಿ ಬೀಜದ ಸಿಪ್ಪಿ ಒಗರ."
ಮತ್ತ ಒಂದು ಸಲ ಅದ್ದಿ:
"ಅವಸರ ಮಾಡಿ ಹರದಾರ.
ಇನ್ನೂ ಎಂಟು ದಿನ ಬಳ್ಳಿಯಾಗ ಬಿಡಬೇಕಿತ್ತು."

ಏನಂದಳು, ಅಂದಳು ಕೇತಕಿ ಬಾಯಿ.

ಬೆಲ್ಲ ಕೈಯಾಗ ಇತ್ತು.
ಇಡಲಿಲ್ಲ.
ಆಕಿ ಅಂದದ್ದು ಅಂದಂಗ ಅಂದೆ,
ಸಿಪ್ಪಿ ಸಮೇತ, ಎಂಟು ದಿನ ಸಮೇತ.

ಗಾಜಿನ ಮನ್ಯಾಗ ಫ್ಯಾನಿನ ಸಪ್ಪಳ ಅಷ್ಟ.
ಕೇತಕಿ ಬಾಯಿ ಬಾಟಲಿ ಎತ್ತಿ ಅದರ ವರ್ಷ ಓದಿದಳು.
"ಆ ಸಲ ಮಳಿ ಬರತೈತಿ ಅಂದಿದ್ರು," ಅಂದಳು,
ಯಾರಿಗೂ ಅಲ್ಲ.
ಆಮ್ಯಾಲ ನನಗ, ಸಣ್ಣ ದನಿಯಾಗ:
"ಎಂಟಲ್ಲ. ಒಂಬತ್ತು."

ಹುಡುಗಿ ವಗರ, ವಗರ ಅಂತ ರೂಢಿ ಮಾಡಕೋತ
ಟೆಂಪೋ ಹತ್ತಿದಳು.

ನಾನು ಚಪ್ಪರಕ್ಕ ಹೋದೆ, ಚೀಲ ತರಾಕ.
ಭೌರವ್ವ ಗ್ಲಾಸು ತೊಳದು ಬೋರಲ ಹಾಕತಿದ್ದಳು,
ಎಳೀಕೂಸಿನ ತಲಿ ಹಿಡದಂಗ ಒಂದೊಂದ.
"ಆ ಬಾಟಲಿಗೆ ಎಷ್ಟೋ?"
ಅರ್ಧ ಹೇಳಿದೆ.
ಆದರೂ ಎರಡು ಸಲ ಕೇಳಿದಳು.
ಆಮ್ಯಾಲ ದಿನದ ಕೂಲಿಗೊಂದು ಬಟ್ಟಿನಂಗ
ಒದ್ದಿ ಕೈಯಾಗ ನಾಲ್ಕು ಮಡಚಿ
ಹೆಬ್ಬಟ್ಟು ಹಂಗ ಬಿಟ್ಟಳು.