ವೀ ಅಕ್ಷರದ ಖಾನೆ

ಮೊದಲು ಗೊತ್ತಾದದ್ದು ಕಣ್ಣಿಗಲ್ಲ, ಬೆರಳಿಗೆ.
ತಾರ್ತು ಊರಿನ ಅಚ್ಚುಕೂಟ, ನೆಲಮಾಳಿಗೆ,
ಕಿಟಕಿಯಲ್ಲಿ ಹಾದುಹೋಗುವವರ ಬೂಟು ಮಾತ್ರ ಕಾಣುತ್ತಿತ್ತು.
ಲೆಯ್ಡಾ ಕೂಸ್ಕ್ ಬರೆದ ಕಾದಂಬರಿಗೆ
ಮೊಳೆ ಜೋಡಿಸುತ್ತಿದ್ದೆ.
ಎಂಬತ್ತನೇ ಪುಟದ ಹೊತ್ತಿಗೆ
ವೀ ಅಕ್ಷರದ ಖಾನೆ ತಳ ಕಂಡಿತು.

ಮೇಸ್ತ್ರಿ ಒಸ್ಕಾರ್ ಹುಬ್ಬೇರಿಸಿದ:
"ಎಲ್ಲ ವೀ ಎಲ್ಲಿ ಹೋಯಿತು ಹಿಲ್ಯಾ, ಸಾರಿಗೆ ಹಾಕಿದೆಯಾ?"
"ಮೀನಿನ ಹೆಸರುಗಳಿರಬೇಕು" ಅಂದೆ.

ಕಥೆ ಮೀನಿನದೇ.
ದ್ವೀಪ, ಸಾಮೂಹಿಕ ದೋಣಿಗಳು, ಹೆರಿಂಗ್,
ಬಲೆ ಹೆಣೆವ ಹೆಂಗಸರು, ಬಹುಮಾನ ಗೆದ್ದ ಉಪ್ಪಿನ ಪೀಪಾಯಿ.
ಪರಿಶೀಲನೆಯ ಅಧಿಕಾರಿ ಹದಿನಾಲ್ಕು ಕಡೆ ಕೆಂಪು ಗೀಟೆಳೆದಿದ್ದ:
ಚರ್ಚಿನ ಗಂಟೆಯನ್ನು ಹೊಡೆದುಹಾಕಿದ್ದ,
ಹಗ್ಗದ ಮೇಲೆ ಒಣಗುತ್ತಿದ್ದ ನೀಲಿ, ಕಪ್ಪು, ಬಿಳಿ ಬಟ್ಟೆಗಳಲ್ಲಿ
ಬಿಳಿಯನ್ನು ಬೂದು ಮಾಡಿದ್ದ,
ಕೊನೆಗೆ ಮೊಹರು ಒತ್ತಿದ್ದ.
ಅವನು ಓದಿದ್ದು ಪದ.
ಬಾಲ ನೋಡಲಿಲ್ಲ.

ನಮ್ಮ ಮಾತಿನಲ್ಲಿ ಕ್ರಿಯಾಪದಕ್ಕೊಂದು ಬಾಲವುಂಟು.
ವೀ, ಆ, ತೇ: ಮೂರೇ ಮೊಳೆ.
ಹಚ್ಚಿಬಿಟ್ಟರೆ ಹೇಳಿದವಳ ಕೈ ಚೊಕ್ಕ.
ನಾ ಕಂಡಿಲ್ಲಪ್ಪ, ಯಾರೋ ಅಂದರು. ಅಂತೆ.

ಆಮೇಲೆ ನಿಧಾನ ಓದಿದೆ,
ಸೀಸದಲ್ಲಿ ಓದುವುದೆಂದರೆ ತಲೆಕೆಳಗು.
ಈ ವರ್ಷ ಮೀನು ದುಪ್ಪಟ್ಟಂತೆ.
ಹೊಸ ಅಧ್ಯಕ್ಷರು ದಯಾಳುವಂತೆ.
ಅಂಗಡಿಗೆ ಸಕ್ಕರೆ ಬಂದಿದೆಯಂತೆ.
ಮಾರ್ಚಿಯ ರೈಲಿನಲ್ಲಿ ಹೋದವರು ತಾವಾಗಿಯೇ ಹೋದರಂತೆ,
ಅಲ್ಲಿ ಕಾಡು ದೊಡ್ಡದಂತೆ, ಕೆಲಸಕ್ಕೆ ಬರವಿಲ್ಲವಂತೆ.

ಮುನ್ನೂರು ಪುಟ ಅಂತೆಕಂತೆ.
ಅಂತೆಯಿಲ್ಲದ ವಾಕ್ಯಗಳನ್ನು ಹುಡುಕಿದೆ.
ಗಾಳಿಗೆ ಅಂತೆಯಿಲ್ಲ. ಉಪ್ಪಿಗೆ, ಮೊಣಕಾಲು ನೋವಿಗೆ ಇಲ್ಲ.
ಹನ್ನೊಂದನೇ ಅಧ್ಯಾಯದಲ್ಲಿ ಮಾರೆಟ್ ಊಟಕ್ಕೆ ಅಣಿಮಾಡುತ್ತಾಳೆ.
ಮನೆಯಲ್ಲಿರುವವರು ಮೂವರು.
ನಾಲ್ಕು ಚಮಚ ಇಟ್ಟಳು.
ಊಟವಾದ ಮೇಲೆ ಮೂರನ್ನು ತೊಳೆದಳು.
ಅಷ್ಟೇ. ಪ್ಯಾರಾ ಮುಗಿಯಿತು.
ಮುಂದಿನ ಸಾಲಿಂದ ಮತ್ತೆ ಹೆರಿಂಗ್, ಮತ್ತೆ ಅಂತೆ.

ಆ ಪುಟ ಕಟ್ಟುವಾಗ
ಚಮಚದ ಸಾಲುಗಳ ಸುತ್ತ ಕೂದಲೆಳೆ ಜಾಗ ಹೆಚ್ಚು ಬಿಟ್ಟೆ,
ಸೀಸದ ತೆಳು ಪಟ್ಟಿ, ಮೇಲೊಂದು ಕೆಳಗೊಂದು.
ಪ್ರೂಫು ನೋಡಲು ಬಂದ ಲೆಯ್ಡಾ
ಅಲ್ಲಿ ಉಗುರು ನಿಲ್ಲಿಸಿದಳು.
"ಸಾಲು ಸಡಿಲವಾಗಿದೆ."
"ಬಿಗಿ ಮಾಡಲೇ?"
"ಬೇಡ."
ಬದುಕಿನಲ್ಲಿ ನಾವಿಬ್ಬರೂ ಆಡಿದ ಮಾತು ಇಷ್ಟು.

ಪುಸ್ತಕ ಯಾರು ಓದಿದರೋ.
ಶೈಲಿ ಮುದುಕಿಯರ ಹರಟೆಯಂತೆ ಎಂದು ಪತ್ರಿಕೆಯೊಂದು ಬರೆಯಿತು,
ಮೀನು ಉಪ್ಪು ಹಾಕುವ ವಿವರ ಮಾತ್ರ ಸೊಗಸು ಎಂದಿತು.

ಮೂರು ವರ್ಷದ ಮೇಲೆ ನಮ್ಮ ಮನೆಗೂ ಒಂದು ಕಾಗದ ಬಂತು.
ದುಂಡು ಮೊಹರು, ನೇರಳೆ ಶಾಯಿ,
ಅಣ್ಣನ ಹೆಸರಲ್ಲಿ ಒಂದು ಅಕ್ಷರ ತಪ್ಪು.
ನ್ಯುಮೋನಿಯಾದಿಂದ ತೀರಿಕೊಂಡರು.
ಅದು ರಷ್ಯನ್ನಿನಲ್ಲಿತ್ತು;
ಆ ಭಾಷೆಯ ಕ್ರಿಯಾಪದಕ್ಕೆ ಈ ಬಾಲವಿಲ್ಲ.
ಅಮ್ಮನಿಗೆ ನಮ್ಮ ಮಾತಿನಲ್ಲೇ ಹೇಳಬೇಕು.
ಆಲೂಗಡ್ಡೆ ಹೆರೆಯುತ್ತಿದ್ದಳು, ಓದು ಅಂದಳು.
ಓದಿದೆ. ಕೊನೆಯ ಪದಕ್ಕೆ ಬಂದಾಗ
ನಾಲಿಗೆ ತಾನಾಗಿ ಖಾನೆಗೆ ಕೈಹಾಕಿತು,
ವೀ, ಆ, ತೇ.
ತೀರಿಕೊಂಡರಂತೆ.

ಅಮ್ಮ ಚಾಕು ಕೆಳಗಿಟ್ಟಳು.
ಎದ್ದು ಹೋಗಿ ಡ್ರಾಯರು ಎಳೆದಳು.
ಆ ಕಾದಂಬರಿಯನ್ನು ಅವಳು ಓದಿರಲಿಲ್ಲ.
ಒಂದೊಂದಾಗಿ ಚಮಚ ಎಣಿಸುವ ಸದ್ದು.