ವರದಿಯ ಹಿಂಬದಿ

ಅಕ್ಟೋಬರ್ ತಿಂಗಳ ಕಲಿಕಾ ವರದಿಯಲ್ಲಿ
ನಾಲ್ಕನೇ ತರಗತಿಗೆ ಒಂದೇ ಒಂದು ಚೌಕ,
ಅಗಲ ಎರಡು ಬೆರಳು.
ಗಣಿತ: ಭಿನ್ನರಾಶಿ. ಪರಿಸರ: ನೀರು.
ಕನ್ನಡ: ಭೂತಕಾಲ. ದಾಖಲಾತಿ: ಹನ್ನೊಂದು.
ಬರೆದು ಸಹಿ ಹಾಕಿದೆ, ಮಾಲ್ದಾರೆ ಶಾಲೆಯ ಮೊಹರೊತ್ತಿದೆ.
ಉಳಿದದ್ದು ಇಲ್ಲಿ, ಹಾಳೆಯ ಹಿಂಬದಿಯಲ್ಲಿ.

ಭಿನ್ನರಾಶಿಗೆ ಪುಸ್ತಕದಲ್ಲಿ ಕೇಕಿನ ಚಿತ್ರ,
ಎಂಟು ತುಂಡು, ಎಂಟೂ ಒಂದೇ ಅಚ್ಚು.
ನಮ್ಮಲ್ಲಿ ದುಂಡಗಿನದೆಂದರೆ ಅಕ್ಕಿರೊಟ್ಟಿ,
ಅದನ್ನು ಯಾರೂ ಅಳೆದು ಹರಿಯುವುದಿಲ್ಲ.
ಹಾಗಾಗಿ ಕಿತ್ತಳೆ ತಂದೆ.
ಎಸ್ಟೇಟಿನ ಬೇಲಿ ದಾಟಿ ರಸ್ತೆಗೆ ಬಾಗಿದ್ದು,
ಇನ್ನೂ ಅರ್ಧ ಹಸಿರು.
'ಹತ್ತು ತೊಳೆ ಇರುತ್ತೆ, ಒಂದೊಂದೂ ಹತ್ತನೇ ಒಂದು'
ಅಂದೆ. ಸುಲಿದರೆ ಹನ್ನೊಂದು.
ಹನ್ನೊಂದನೆಯದು ಕಿರುಬೆರಳ ಉಗುರಿನಷ್ಟು,
ಎರಡು ಗಟ್ಟಿ ತೊಳೆಗಳ ನಡುವೆ
ಬಸ್ಸಿನಲ್ಲಿ ಸೀಟು ಸಿಗದ ಮಗುವಿನಂತೆ ಒತ್ತಿಕೊಂಡಿತ್ತು.

ದೇಚಮ್ಮ ಕೈ ಎತ್ತಿದಳು:
'ಟೀಚರ್, ಇದೂ ಹನ್ನೊಂದನೇ ಒಂದಾ?'
ಸಮಭಾಗ ಎಂಬ ಪದಕ್ಕೆ
ಮೊನ್ನೆ ತಾನೇ ಹಲಗೆಯ ಮೇಲೆ
ಎರಡು ಸಲ ಅಡಿಗೆರೆ ಎಳೆದವಳು ನಾನು.
ಸುಣ್ಣದ ಗುರುತು ಇನ್ನೂ ಅಲ್ಲಿತ್ತು.
'ಚಿಕ್ಕದು ಟೀಚರಿಗೆ' ಅಂದ ಒಬ್ಬ.
'ಬೇಡ, ಅವರಿಗೆ ಶುಗರ್' ಅಂದ ಶಿಹಾಬ್.
ಲೈನ್‌ಮನೆಯ ಮುತ್ತಿ ಅವತ್ತು ಬಂದಿರಲಿಲ್ಲ.
ಗದ್ದೆಗೆ ಆನೆ ಇಳಿದಿದೆ ಎಂದು ಬೆಳಿಗ್ಗೆಯೇ ಫೋನು.
ಬಾರದವಳಿಗೆ ಚಿಕ್ಕದು ಎಂದು ತೀರ್ಮಾನವಾಯಿತು,
ಹತ್ತು ಕೈ ಮೇಲೆ. ನಾನೂ ತಡೆಯಲಿಲ್ಲ.
ರಫ್ ಹಾಳೆಯಲ್ಲಿ ಸುತ್ತಿ ಸುಣ್ಣದ ಡಬ್ಬಿಯ ಪಕ್ಕ ಇಟ್ಟೆವು.

ನೀರಿನ ಪಾಠ ಸುಲಭವೆಂದುಕೊಂಡಿದ್ದೆ.
ದೇಚಮ್ಮನಿಗೆ ಅದು ನೀರ್, ಶಿಹಾಬನ ಉಮ್ಮನಿಗೆ ವೆಳ್ಳ
('ಬೆಲ್ಲ ಕುಡೀತಾರಂತೆ!' ಅರ್ಧ ಗಂಟೆ ನಗು),
ಮೊಫಿದುಲನಿಗೆ ಪಾನಿ.
ಸಂಕ್ರಮಣಕ್ಕೆ ಹೋಗಿದ್ದವರು ತಂದ ತೀರ್ಥದ ಬಾಟಲಿ
ಕೈಯಿಂದ ಕೈಗೆ ಹೋಯಿತು.
ಇದು ಎಲ್ಲಿಗೆ ಹೋಗುತ್ತೆ ಎಂದ ಮೊಫಿದುಲ್.
ಗೋಡೆಯ ನಕ್ಷೆ ತೋರಿಸಿದೆ: ಈ ನೀಲಿ ಎಳೆ,
ಕುಶಾಲನಗರ, ಮೈಸೂರಿನ ಪಕ್ಕ, ಆಮೇಲೆ ತಮಿಳು, ಆಮೇಲೆ ಕಡಲು.
ಅವನ ಬೆರಳು ಕಡಲಲ್ಲಿ ನಿಲ್ಲಲಿಲ್ಲ.
ದಂಡೆ ಹಿಡಿದು ಮೇಲಕ್ಕೆ ಮೇಲಕ್ಕೆ ಹೋಗಿ
ತುದಿಗಾಲಲ್ಲಿ ನಿಂತು
ಇನ್ನೊಂದು ದಪ್ಪ ನೀಲಿ ಎಳೆಯನ್ನು ಮುಟ್ಟಿತು.
'ಇಲ್ಲಿ ನಮ್ಮ ಮನೆ ಇದೆ ಇತ್ತು.
ನದಿ ತಿಂದಾಯ್ತು ಟೀಚರ್.'
ಭೂತಕಾಲ ಕಲಿಸುತ್ತಿದ್ದವಳು
ತಿದ್ದಲು ಬಾಯಿ ತೆರೆದೆ.
ಹೊರಗೆ ಬಿಸಿಯೂಟದ ಕುಕ್ಕರು ಕೂಗಿತು,
ಪುಣ್ಯ.

ಮೂರನೆಯ ದಿನ ಮುತ್ತಿ ಬಂದಳು,
ಲಂಗದ ಅಂಚಿಗೆಲ್ಲ ಹುಲ್ಲಿನ ಮುಳ್ಳು ಅಂಟಿಸಿಕೊಂಡು.
'ದೊಡ್ಡದು ಎರಡು, ಮರಿ ಒಂದು' ಎಂದಳು.
'ಲದ್ದಿ ಬಿಸಿ ಇದ್ದರೆ ತಿರುಗಿ ಹೋಗಬೇಕು,
ತಣ್ಣಗಿದ್ದರೆ ನಡೀಬಹುದು, ಓಡಬಾರದು.'
ಹತ್ತು ಮಕ್ಕಳೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು,
ನಾನು ಹೇಳದೆಯೇ.
ಪುಸ್ತಕದಲ್ಲಿ ಆನೆ ಇನ್ನೂ ಎರಡು ಪಾಠ ಆಚೆಗಿದೆ.

ನೆನಪಾಗಿ ಪೊಟ್ಟಣ ಕೊಟ್ಟೆ.
ತೊಳೆ ಒಣಗಿ ದ್ರಾಕ್ಷಿಯಾಗಿತ್ತು,
ಇರುವೆಯೂ ಒಂದು ಇತ್ತು.
ನಿನ್ನ ಪಾಲು, ಹನ್ನೊಂದನೇ ಒಂದು ಎಂದೆ
ಧೈರ್ಯ ಮಾಡಿ.
ಅವಳು ಇರುವೆಯನ್ನು ಊದಿದಳು,
ತೊಳೆಯನ್ನು ಬೆಳಕಿಗೆ ಹಿಡಿದಳು,
ಬಾಯಿಗೆ ಹಾಕಿಕೊಂಡು
ಬಹಳ ಹೊತ್ತು ಸುಮ್ಮನಿದ್ದಳು.

ಆಮೇಲೆ ಬೆಂಚಿನ ಮೇಲೆ ಬೆರಳಿಟ್ಟು ಎಣಿಸಿ ಕೇಳಿದಳು:
'ಉಳಿದ ಹತ್ತು ಹೇಗಿದ್ದವು?'

ಯಾರೂ ಮಾತಾಡಲಿಲ್ಲ.
ಶಿಹಾಬ್ ಕೂಡ.

ಭಿನ್ನರಾಶಿಯ ಮುಂದೆ 'ಪೂರ್ಣಗೊಂಡಿದೆ' ಎಂದು
ಹಸಿರು ಗುರುತು ಹಾಕಿಬಿಟ್ಟಿದ್ದೇನೆ.
ಅಳಿಸುವಂತಿಲ್ಲ, ಪೆನ್ನಿನದು.
ನಾಳೆ ಇನ್ನೊಂದು ಕಿತ್ತಳೆ ಕೀಳಬೇಕು,
ಎಸ್ಟೇಟ್ ರೈಟರ್ ಬರುವ ಮುಂಚೆ.